ಕಂಪ್ಯೂಟರಿಗೂ ರೋಗ ಬರುತ್ತದೆಯೇ?



ಕಂಪ್ಯೂಟರಿಗೆ ಜೀವ ಇಲ್ಲ, ಊಟ ಇಲ್ಲ, ನಿದ್ದೆ ಇಲ್ಲ. ಹಾಗಿದ್ದ ಮೇಲೆ ಅದಕ್ಕೆ ರೋಗ ಹೇಗೆ ಬಂದೀತು ಎಂದು ನೀವು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ದೀಪಾವಳಿ ಮುಗಿದ ವಾರದಲ್ಲಿ ನಮ್ಮ ಮನೆಯ ಕಂಪ್ಯೂಟರಿಗೆ ರೋಗ ಬಂತು. ಅದು ಬಂದದ್ದು ಹೇಗೆ, ಹೋದದ್ದು ಹೇಗೆ, ಒಂದು ರೂಪಾಯಿ ಖರ್ಚಿಲ್ಲದೆ ಆಂಟಿವೈರಸ್ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ನಮ್ಮ ಮನೆಯ ಕಂಪ್ಯೂಟರನ್ನು ಕಾಕಾ ವಿಜಯಪುರದಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಅದರಲ್ಲಿ ಅಪ್ಪನ ಲಿಂಬಿ ವ್ಯಾಪಾರದ ಲೆಕ್ಕ ಇರುತ್ತದೆ. ನಮ್ಮ ಓಣಿಯ ಹೆಣ್ಣುಮಕ್ಕಳ ಸ್ವಸಹಾಯ ಸಂಘದ ಲೆಕ್ಕವನ್ನೂ ಯಕ್ಕ ಅದರಲ್ಲೇ ಬರೆಯುತ್ತಾಳೆ. ಸಂಘದಲ್ಲಿ 14 ಮಂದಿ ಇದ್ದಾರೆ. ಯಾರು ಎಷ್ಟು ಉಳಿತಾಯ ಮಾಡಿದರು, ಯಾರು ಎಷ್ಟು ಸಾಲ ತೆಗೆದುಕೊಂಡರು, ಎಷ್ಟು ಕಂತು ಕಟ್ಟಿದರು ಎಲ್ಲಾ ಅದರಲ್ಲಿದೆ. ಕಾಗದದ ಪುಸ್ತಕ ಒಂದು ಇದೆ, ಆದರೆ ಎಂಟು ತಿಂಗಳಿಂದ ಅದರಲ್ಲಿ ಯಾರೂ ಬರೆದಿಲ್ಲ. ಯಕ್ಕ ಆ ಲೆಕ್ಕವನ್ನು ಪೆನ್‌ಡ್ರೈವಿನಲ್ಲಿ ಇಡುತ್ತಿದ್ದಳು. ಅದೇ ಪೆನ್‌ಡ್ರೈವಿನಲ್ಲಿ ಮುತ್ಯಾನ ಫೋಟೋಗಳೂ ಇದ್ದವು. ಮುತ್ಯಾ ಈಗ ಇಲ್ಲ. ಎತ್ತುಗಳ ನಡುವೆ ನಿಂತು ನಗುವ ಫೋಟೋ ಅದೊಂದೇ ಕಡೆ ಇತ್ತು, ತೆಗೆದ ಮೊಬೈಲು ಕೆಟ್ಟು ಹೋಗಿತ್ತು.

ಯಕ್ಕ ಸಂಘದ ಲೆಕ್ಕ ಪ್ರಿಂಟ್ ತೆಗೆಸಲು ತಾಲೂಕಿನ ಊರಿಗೆ ಹೋಗಿದ್ದಳು. ತಿರುಗಿ ಬಂದು ಪೆನ್‌ಡ್ರೈವ್ ಹಚ್ಚಿ ನೋಡಿದರೆ ಒಳಗೆ ಒಂದೂ ಫೋಲ್ಡರ್ ಇಲ್ಲ! ಫೋಲ್ಡರ್ ಇದ್ದ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್ ಇದ್ದವು, ಪ್ರತಿಯೊಂದರ ಮೂಲೆಗೆ ಸಣ್ಣ ಬಾಣದ ಗುರುತು. ಗಾತ್ರ ನೋಡಿದರೆ ಒಂದೊಂದೂ ಒಂದೆರಡು ಕೆ.ಬಿ. ಮಾತ್ರ.

"ಏ ತಂಗಿ, ನೀ ಏನರೆ ಮಾಡೀಯೇನ?" ಎಂದು ಯಕ್ಕ ನನ್ನನ್ನೇ ಕೇಳಿದಳು. ನಾನು ಏನೂ ಮಾಡಿರಲಿಲ್ಲ. ಆದರೆ ಆಮೇಲೆ ಮಾಡಿದೆ. ಯಕ್ಕ ಅವ್ವನ ಕಡೆ ಹೋದಾಗ ನಾನು ಆ ಶಾರ್ಟ್‌ಕಟ್‌ಗಳನ್ನು ಒಂದಾದ ಮೇಲೆ ಒಂದು ಕ್ಲಿಕ್ ಮಾಡಿ ನೋಡಿದೆ. ಒಳಗಿನ ಫೈಲು ತೆರೆದವು! ಅಬ್ಬಾ, ಎಲ್ಲಾ ಇದೆ ಎಂದು ಖುಷಿಯಾಯಿತು. ಪೆನ್‌ಡ್ರೈವಿನಲ್ಲಿದ್ದ ರೋಗ ಕಂಪ್ಯೂಟರಿನೊಳಗೆ ಹೋದದ್ದು ಆಗಲೇ ಎಂದು ನನಗೆ ಗೊತ್ತಾದದ್ದು ನಂತರ. ಇದನ್ನು ಯಕ್ಕನಿಗೆ ನಾಲ್ಕು ದಿನ ಹೇಳಿರಲಿಲ್ಲ.

ಕಂಪ್ಯೂಟರ್ ರಿಪೇರಿಯವರಿಗೆ ಅಪ್ಪ ಫೋನ್ ಮಾಡಿದರು. "ಫಾರ್ಮ್ಯಾಟ್ ಹೊಡೀಬೇಕ್ರಿ, ಬ್ಯಾರೆ ದಾರಿ ಇಲ್ಲ" ಅಂದರಂತೆ. ಫಾರ್ಮ್ಯಾಟ್ ಅಂದರೆ ಪಾಟಿ ಒರೆಸಿದಂತೆ ಎಲ್ಲಾ ಅಳಿಸಿ ಹೊಸದು ಮಾಡುವುದು. ಅಪ್ಪ ಯಕ್ಕನ ಮುಖ ನೋಡಿ, "ಹದಿನಾಕ ಮಂದಿ ಹೆಣ್ಮಕ್ಕಳ ರೊಕ್ಕದ ಲೆಕ್ಕ ಅದ. ಅವರಿಗೆ ಏನ್ ಹೇಳ್ತಿ?" ಅಂದರು. ಯಕ್ಕ ಆ ರಾತ್ರಿ ಊಟ ಮಾಡಲಿಲ್ಲ. ಸಂಘದ ಸಭೆಗೆ ಇನ್ನು ಆರು ದಿನ ಇತ್ತು.

ಮರುದಿನ ನಾನು ನಮ್ಮ ವಿಜ್ಞಾನ ಗುರುಗಳನ್ನು ಕೇಳಿದೆ. ಗುರುಗಳು ಮೊದಲು ಹೇಳಿದ್ದು, "ಫಾರ್ಮ್ಯಾಟ್ ಮಾಡಬ್ಯಾಡ್ರಿ, ಫೈಲು ಎಲ್ಲೂ ಹೋಗಿಲ್ಲ, ಮುಚ್ಚಿ ಇಟ್ಟದ ಅಷ್ಟ" ಎಂದು. ಭಾನುವಾರ ಸ್ವತಃ ಮನೆಗೆ ಬಂದರು.

ವೈರಸ್ ಎಂದರೇನು?

ಕಂಪ್ಯೂಟರ್ ವೈರಸ್ ಎಂಬುದು ಮನುಷ್ಯರೇ ಬರೆದ ಒಂದು ಪ್ರೋಗ್ರಾಂ. ಅದು ತನ್ನ ನಕಲನ್ನು ತಾನೇ ಮಾಡಿ ಬೇರೆ ಫೈಲಿಗೆ, ಬೇರೆ ಕಂಪ್ಯೂಟರಿಗೆ ಹೋಗುತ್ತದೆ. ನಮ್ಮ ಕಡೆ ಲಿಂಬಿ ಗಿಡಕ್ಕೆ ಕಜ್ಜಿ ರೋಗ ಬರುವುದು ಎಲ್ಲರಿಗೂ ಗೊತ್ತು. ರೋಗದ ಗಿಡದ ಟೊಂಗೆ ಕತ್ತರಿಸಿದ ಕತ್ತರಿಯಿಂದಲೇ ಒಳ್ಳೆಯ ಗಿಡ ಕತ್ತರಿಸಿದರೆ ಅದಕ್ಕೂ ಕಜ್ಜಿ ಹತ್ತುತ್ತದೆ. ಪೆನ್‌ಡ್ರೈವ್ ಆ ಕತ್ತರಿ ಇದ್ದಂತೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲಿ ಹೋದರೂ ಝೆರಾಕ್ಸ್ ಅಂಗಡಿಗಳಿವೆ. ಉತಾರ, ಆಧಾರ, ಹಾಲ್ ಟಿಕೆಟ್, ಮದುವೆ ಪತ್ರಿಕೆ ಎಂದು ದಿನಕ್ಕೆ ಎಷ್ಟೋ ಜನರ ಪೆನ್‌ಡ್ರೈವ್ ಒಂದೇ ಕಂಪ್ಯೂಟರಿಗೆ ಹಚ್ಚುತ್ತಾರೆ. ಅಂಗಡಿಯವರ ತಪ್ಪು ಅಂತಲೂ ಹೇಳಲು ಬರುವುದಿಲ್ಲ, ಅವರ ಕಂಪ್ಯೂಟರಿಗೂ ಯಾರದೋ ಪೆನ್‌ಡ್ರೈವಿನಿಂದಲೇ ಬಂದಿರುತ್ತದೆ.

ಐ.ಬಿ.ಎಂ. ಮಾದರಿಯ ಪರ್ಸನಲ್ ಕಂಪ್ಯೂಟರುಗಳಿಗೆ ಬಂದ ಮೊದಲ ವೈರಸ್ಸಿನ ಹೆಸರು ಬ್ರೇನ್. 1986ರಲ್ಲಿ ಪಾಕಿಸ್ತಾನದ ಲಾಹೋರಿನಲ್ಲಿ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣ ತಮ್ಮ ಅದನ್ನು ಬರೆದರು. ತಾವು ತಯಾರಿಸಿದ ವೈದ್ಯಕೀಯ ಸಾಫ್ಟ್‌ವೇರನ್ನು ಜನ ಕದ್ದು ನಕಲು ಮಾಡುತ್ತಾರೆಂದು ಸಿಟ್ಟಿನಿಂದ ಮಾಡಿದ್ದಂತೆ. ವಿಚಿತ್ರವೆಂದರೆ ವೈರಸ್ಸಿನೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲಾ ಬರೆದಿದ್ದರು! ಆಗ ಪೆನ್‌ಡ್ರೈವ್ ಇರಲಿಲ್ಲ, ಫ್ಲಾಪಿ ಎಂಬ ಚೌಕಾಕಾರದ ತಟ್ಟೆಯಿಂದ ಹರಡಿತು.

ಮೊದಲು ವಿಂಡೋಸ್‌ನಲ್ಲಿ ಆಟೋರನ್ ಎಂಬುದಿತ್ತು. ಪೆನ್‌ಡ್ರೈವ್ ಹಚ್ಚಿದ ಕೂಡಲೇ ಅದರೊಳಗಿನ ಪ್ರೋಗ್ರಾಂ ತಾನೇ ನಡೆಯುತ್ತಿತ್ತು. ವಿಂಡೋಸ್ 7ರಿಂದ ಇದನ್ನು ನಿಲ್ಲಿಸಿದರು. ಹಳೆಯ ಎಕ್ಸ್‌ಪಿ, ವಿಸ್ಟಾಗಳಿಗೂ 2011ರ ಫೆಬ್ರವರಿಯಲ್ಲಿ ನಿಲ್ಲಿಸಿದರು. ತಾನೇ ನಡೆಯಲು ಆಗದ ಮೇಲೆ ವೈರಸ್ ಬರೆಯುವವರಿಗೆ ನಮ್ಮ ಬೆರಳು ಬೇಕಾಯಿತು. ಅದಕ್ಕೇ ಈ ಶಾರ್ಟ್‌ಕಟ್ ಉಪಾಯ. ನಿಜವಾದ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ನಾವು ಕ್ಲಿಕ್ ಮಾಡಿದರೆ ಮೊದಲು ವೈರಸ್ ನಡೆಯುತ್ತದೆ, ಆಮೇಲೆ ನಿಜವಾದ ಫೋಲ್ಡರ್ ತೆರೆಯುತ್ತದೆ. ಫೈಲು ಕಂಡಿತಲ್ಲ ಎಂದು ನಮಗೆ ಸಂಶಯವೇ ಬರುವುದಿಲ್ಲ. ನನಗೆ ಆದದ್ದು ಇದೇ.

ನಮ್ಮ ಕಂಪ್ಯೂಟರಿನಲ್ಲಿ ಆಂಟಿವೈರಸ್ ಇರಲಿಲ್ಲವೇ?

ಇತ್ತು! ಮಾರಿದವರೇ ಹಾಕಿ ಕೊಟ್ಟಿದ್ದರು. ಗುರುಗಳು ತೆರೆದು ನೋಡಿ ನಕ್ಕರು. ಅದು ರೊಕ್ಕ ಕೊಟ್ಟು ಕೊಳ್ಳುವ ಆಂಟಿವೈರಸ್, ಬೀಗ ಮುರಿದು ಹಾಕಿದ್ದು. ಇದಕ್ಕೆ ಕ್ರ್ಯಾಕ್ ಎನ್ನುತ್ತಾರೆ. ಎರಡು ವರ್ಷದಿಂದ ಅದು ಅಪ್‌ಡೇಟ್ ಆಗಿರಲಿಲ್ಲ. ಉಚಿತ ಬೇರೆ, ಕದ್ದದ್ದು ಬೇರೆ ಎಂದು ಗುರುಗಳು ಹೇಳಿದರು. ಕ್ರ್ಯಾಕ್ ಮಾಡಿದ ಪ್ರೋಗ್ರಾಮಿನೊಳಗೇ ವೈರಸ್ ಇಟ್ಟು ಕೊಡುವವರೂ ಇದ್ದಾರಂತೆ.

ಆಂಟಿವೈರಸ್ ಅಂದರೆ ಊರಿನ ತಳವಾರ ಇದ್ದಂತೆ. ಅವನ ಹತ್ತಿರ ಕಳ್ಳರ ಗುರುತಿನ ಪಟ್ಟಿ ಇರುತ್ತದೆ. ಬರುವ ಪ್ರತಿ ಫೈಲನ್ನೂ ಪಟ್ಟಿಯ ಜೊತೆ ಹೋಲಿಸಿ ನೋಡುತ್ತಾನೆ. ಪಟ್ಟಿಯಲ್ಲಿ ಇಲ್ಲದವನು ಬಂದರೂ ಅವನ ನಡತೆ ನೋಡುತ್ತಾನೆ, ಮಧ್ಯರಾತ್ರಿ ಎಲ್ಲರ ಮನೆ ಬಾಗಿಲು ನೂಕಿ ನೋಡುತ್ತಿದ್ದರೆ ಹಿಡಿಯುತ್ತಾನೆ. ಹೊಸ ವೈರಸ್ ದಿನಾ ಬರುತ್ತಿರುತ್ತವೆ, ಆದ್ದರಿಂದ ಪಟ್ಟಿಯೂ ದಿನಾ ಹೊಸದಾಗಬೇಕು. ನಮ್ಮ ತಳವಾರನ ಕೈಯಲ್ಲಿದ್ದದ್ದು ಎರಡು ವರ್ಷದ ಹಿಂದಿನ ಪಟ್ಟಿ.

ಈಗ ಮಾಡುವ ರೀತಿ

ಹಳೆಯದನ್ನು ಮೊದಲು ತೆಗೆಯಬೇಕು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಪ್ರೋಗ್ರಾಂಗಳ ಪಟ್ಟಿಯಲ್ಲಿ ಅದರ ಹೆಸರಿನ ಮೇಲೆ ಒತ್ತಿ, ಅನ್‌ಇನ್‌ಸ್ಟಾಲ್ ಕೊಟ್ಟು, ಕಂಪ್ಯೂಟರನ್ನು ಒಮ್ಮೆ ಬಂದ್ ಮಾಡಿ ಚಾಲೂ ಮಾಡಬೇಕು. ಎರಡು ಆಂಟಿವೈರಸ್ ಇದ್ದರೆ ಇನ್ನೂ ಒಳ್ಳೆಯದು ಎಂದು ನಾನು ತಿಳಿದಿದ್ದೆ. ಅದು ತಪ್ಪು. ಇಬ್ಬರು ತಳವಾರರು ಒಬ್ಬರನ್ನೊಬ್ಬರು ಕಳ್ಳ ಎಂದು ಹಿಡಿಯುತ್ತಾರೆ, ಕಂಪ್ಯೂಟರ್ ಎತ್ತಿನಗಾಡಿಯಂತೆ ನಡೆಯುತ್ತದೆ.

ನಂತರ ಏನು ಹಾಕಬೇಕು? ಇಲ್ಲಿ ನನಗೆ ಆಶ್ಚರ್ಯವಾಯಿತು, ಏನೂ ಹಾಕಬೇಕಾಗಿರಲಿಲ್ಲ. ಮೈಕ್ರೋಸಾಫ್ಟ್ ಕಂಪನಿಯು 2009ರಲ್ಲಿ ಸೆಕ್ಯುರಿಟಿ ಎಸೆನ್ಷಿಯಲ್ಸ್ ಎಂಬ ಉಚಿತ ಆಂಟಿವೈರಸ್ ಕೊಟ್ಟಿತು. 2012ರ ವಿಂಡೋಸ್ 8ರಿಂದ ಡಿಫೆಂಡರ್ ಎಂಬ ಹೆಸರಿನಲ್ಲಿ ವಿಂಡೋಸ್ ಒಳಗೇ ಆಂಟಿವೈರಸ್ ಬರುತ್ತದೆ. ಬೇರೆ ಆಂಟಿವೈರಸ್ ಹಾಕಿದರೆ ಅದು ತಾನೇ ಸುಮ್ಮನಾಗುತ್ತದೆ, ಅದನ್ನು ತೆಗೆದರೆ ಮತ್ತೆ ಏಳುತ್ತದೆ. ನಮ್ಮ ಮನೆಯಲ್ಲೇ ತಳವಾರ ಇದ್ದ, ನಾವೇ ಮಲಗಿಸಿದ್ದೆವು.

ಸ್ಟಾರ್ಟ್ ಒತ್ತಿ ವಿಂಡೋಸ್ ಸೆಕ್ಯುರಿಟಿ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಗುರಾಣಿಯ ಚಿತ್ರ ಬರುತ್ತದೆ. ಅದರಲ್ಲಿ ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್ ತೆರೆಯಬೇಕು. ಅಪ್ಪನ ಮೊಬೈಲಿನಿಂದ ಹಾಟ್‌ಸ್ಪಾಟ್ ಕೊಟ್ಟು, ಚೆಕ್ ಫಾರ್ ಅಪ್‌ಡೇಟ್ಸ್ ಒತ್ತಿದೆವು. ಹೊಸ ಪಟ್ಟಿ ಇಳಿಯಿತು. ಸೆಟ್ಟಿಂಗ್ಸ್‌ನಲ್ಲಿ ರಿಯಲ್ ಟೈಮ್ ಪ್ರೊಟೆಕ್ಷನ್ ಆನ್ ಇದೆಯೇ ನೋಡಬೇಕು. ಇದು ಆಫ್ ಇದ್ದರೆ ತಳವಾರ ಕರೆದಾಗ ಮಾತ್ರ ಎದ್ದು ಬರುತ್ತಾನೆ, ಆನ್ ಇದ್ದರೆ ಯಾವಾಗಲೂ ಅಗಸಿಯಲ್ಲೇ ನಿಂತಿರುತ್ತಾನೆ.

ಆಮೇಲೆ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಫುಲ್ ಸ್ಕ್ಯಾನ್. ಕ್ವಿಕ್ ಸ್ಕ್ಯಾನ್ ವೈರಸ್ ಸಾಮಾನ್ಯವಾಗಿ ಅಡಗುವ ಜಾಗ ಮಾತ್ರ ನೋಡುತ್ತದೆ. ನಮ್ಮದು ಫುಲ್ ಸ್ಕ್ಯಾನ್ ಶುರುವಾಗಿ ಒಂದು ತಾಸಿಗೆ ಕರೆಂಟ್ ಹೋಯಿತು. ಮತ್ತೆ ಮೊದಲಿನಿಂದ. ಗುರುಗಳು ಎರಡು ಸಲ ಚಹಾ ಕುಡಿದರು. ಕೊನೆಗೆ ಮೂರು ವೈರಸ್ ಸಿಕ್ಕವು, ಕ್ವಾರಂಟೈನ್ ಮಾಡಲೇ ಎಂದು ಕೇಳಿತು. ಈ ಶಬ್ದ ನಮಗೆ ಹೊಸದಲ್ಲ. 2020ರಲ್ಲಿ ಕೊರೊನಾ ಬಂದಾಗ ಮಹಾರಾಷ್ಟ್ರಕ್ಕೆ ದುಡಿಯಲು ಹೋದವರು ತಿರುಗಿ ಬಂದರೆ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಹಾಗೆ ಬೇರೆ ಇಟ್ಟಿದ್ದರು. ಕ್ವಾರಂಟೈನ್ ಮಾಡಿದ ಫೈಲು ಅಳಿಯುವುದಿಲ್ಲ, ಆದರೆ ನಡೆಯಲಾರದು. ತಪ್ಪಾಗಿ ಹಿಡಿದಿದ್ದರೆ ಬಿಡಿಸಿಕೊಳ್ಳಬಹುದು. ಕೆಲವು ವೈರಸ್ ವಿಂಡೋಸ್ ನಡೆಯುತ್ತಿರುವಾಗ ಕೈಗೆ ಸಿಗುವುದಿಲ್ಲ. ಅದಕ್ಕೆ ಆಫ್‌ಲೈನ್ ಸ್ಕ್ಯಾನ್ ಇದೆ, ಅದು ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ನಾವು ಅದನ್ನೂ ಮಾಡಿದೆವು, ಸುಮಾರು ಕಾಲು ತಾಸು ಹಿಡಿಯಿತು.

ಇಷ್ಟೆಲ್ಲ ಆದ ಮೇಲೆಯೇ ಪೆನ್‌ಡ್ರೈವ್ ಹಚ್ಚಬೇಕು. ಮೊದಲೇ ಪೆನ್‌ಡ್ರೈವ್ ಸ್ವಚ್ಛ ಮಾಡಿದರೆ ಕಂಪ್ಯೂಟರಿನಲ್ಲಿರುವ ವೈರಸ್ ಮತ್ತೆ ಅದಕ್ಕೆ ಹತ್ತುತ್ತದೆ. ಫುಲ್ ಸ್ಕ್ಯಾನ್ ಪೆನ್‌ಡ್ರೈವನ್ನು ತಾನಾಗಿ ನೋಡುವುದಿಲ್ಲ. ಅದರ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್ ಎಂಬುದನ್ನು ಆರಿಸಬೇಕು. ಶಾರ್ಟ್‌ಕಟ್‌ಗಳೆಲ್ಲ ಹೋದವು. ಪೆನ್‌ಡ್ರೈವ್ ಪೂರಾ ಖಾಲಿ ಕಂಡಿತು. ಯಕ್ಕ ಅಳುವುದೊಂದೇ ಬಾಕಿ.

ಆಗ ಗುರುಗಳು ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟ್ ತೆರೆದು ಪೆನ್‌ಡ್ರೈವಿನ ಅಕ್ಷರ ಕೊಟ್ಟು ಅಟ್ರಿಬ್ ಎಂಬ ಆಜ್ಞೆ ಬರೆದರು. ಅದರ ಜೊತೆ ಮೈನಸ್ ಎಚ್, ಮೈನಸ್ ಎಸ್. ಎಚ್ ಅಂದರೆ ಅಡಗಿಸಿದ್ದು, ಎಸ್ ಅಂದರೆ ಸಿಸ್ಟಮ್ ಫೈಲು. ವೈರಸ್ ಈ ಎರಡು ಗುರುತು ಹಚ್ಚಿ ಫೋಲ್ಡರ್ ಮುಚ್ಚಿಟ್ಟಿತ್ತು. ಮೈನಸ್ ಕೊಟ್ಟರೆ ಗುರುತು ಅಳಿಯುತ್ತದೆ. ಕೊನೆಗೆ ಒಳಗಿನ ಫೋಲ್ಡರುಗಳಿಗೂ ತಗುಲಲಿ ಎಂದು ಓರೆಗೆರೆ ಎಸ್, ಓರೆಗೆರೆ ಡಿ. ಎಂಟರ್ ಒತ್ತಿದರು. ಒಂದೊಂದೇ ಫೋಲ್ಡರ್ ಹಳದಿ ಬಣ್ಣದಲ್ಲಿ ಎದ್ದು ಬಂತು. ಸಂಘದ ಲೆಕ್ಕ ಬಂತು. ಮುತ್ಯಾ ಬಂದ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ನೋಡಿದಳು.

ಬೇರೆ ಆಂಟಿವೈರಸ್ ಹಾಕಬೇಕೆನ್ನುವವರಿಗೆ ಅವಾಸ್ಟ್, ಎ.ವಿ.ಜಿ., ಅವೀರಾ ಮುಂತಾದವುಗಳ ಉಚಿತ ಆವೃತ್ತಿಗಳಿವೆ. ಆಯಾ ಕಂಪನಿಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು. ಹಾಕುವಾಗ ನೆಕ್ಸ್ಟ್, ನೆಕ್ಸ್ಟ್ ಎಂದು ಒತ್ತುತ್ತಾ ಹೋದರೆ ಬೇಡದ ಬ್ರೌಸರ್ ಮುಂತಾದವೂ ಜೊತೆಗೆ ಬಂದು ಕೂಡಬಹುದು, ಅದಕ್ಕೆ ಹಾಕಿರುವ ಟಿಕ್ ತೆಗೆಯಬೇಕು. ಉಚಿತ ಎಂದರೆ ಪೂರಾ ಉಚಿತವೂ ಅಲ್ಲ. ಅವಾಸ್ಟ್ ಕಂಪನಿಯು ಬಳಕೆದಾರರು ಯಾವ ಯಾವ ತಾಣ ನೋಡಿದರೆಂಬ ಮಾಹಿತಿಯನ್ನು ಮಾರಿತ್ತೆಂದು 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1 ಕೋಟಿ 65 ಲಕ್ಷ ಡಾಲರ್ ಕಟ್ಟಿಸಿತು. ಆ ಮಾರಾಟದ ಶಾಖೆ 2020ರಲ್ಲೇ ಮುಚ್ಚಿದೆ. ನಮ್ಮ ಸರಕಾರದ್ದೂ ಒಂದಿದೆ. 2017ರ ಫೆಬ್ರವರಿಯಲ್ಲಿ ಸೈಬರ್ ಸ್ವಚ್ಛತಾ ಕೇಂದ್ರ ಶುರುವಾಯಿತು, ವೈರಸ್ ತೆಗೆಯುವ ಉಪಕರಣಗಳನ್ನು ಅದು ಪುಕ್ಕಟೆ ಕೊಡುತ್ತದೆ.

ಇನ್ನೊಂದು ಮಾತು ಮರೆತಿದ್ದೆ. ಆಂಟಿವೈರಸ್ ಇದ್ದರೂ ವಿಂಡೋಸ್ ಅಪ್‌ಡೇಟ್ ಬೇಕು. 2017ರ ಮೇ 12ರಂದು ವಾನ್ನಾಕ್ರೈ ಎಂಬುದು 150ಕ್ಕೂ ಹೆಚ್ಚು ದೇಶಗಳಲ್ಲಿ ಹರಡಿ, ಫೈಲುಗಳಿಗೆ ಬೀಗ ಹಾಕಿ 300 ಡಾಲರ್ ಕೇಳಿತು. ಅದು ನುಗ್ಗಿದ ಕಿಂಡಿಯನ್ನು ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ಮುಚ್ಚಿತ್ತು, ಅಪ್‌ಡೇಟ್ ಮಾಡದವರು ಸಿಕ್ಕಿಬಿದ್ದರು. ನಮ್ಮ ಮನೆಯದು ವಿಂಡೋಸ್ 10. ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರಿನ ಪಟ್ಟಿಯನ್ನು ಮಾತ್ರ 2028ರ ಅಕ್ಟೋಬರ್‌ವರೆಗೆ ಕೊಡುವುದಾಗಿ ಕಂಪನಿ ಹೇಳಿದೆ. ಹೊಸ ಕಂಪ್ಯೂಟರ್ ಕೇಳಿದರೆ ಅಪ್ಪ, "ಲಿಂಬಿಗೆ ರೇಟ್ ಬರಲಿ" ಅಂದರು.

ಸಂಘದ ಸಭೆ ಹೇಳಿದ ದಿನವೇ ನಡೆಯಿತು. ಯಕ್ಕ ಈಗ ಎರಡು ಪೆನ್‌ಡ್ರೈವ್ ಇಟ್ಟಿದ್ದಾಳೆ. ಕೆಂಪಗಿನದು ಅಂಗಡಿಗೆ ಹೋಗುತ್ತದೆ, ಅದರಲ್ಲಿ ಪ್ರಿಂಟ್ ತೆಗೆಸುವ ಒಂದು ಫೈಲು ಬಿಟ್ಟು ಬೇರೇನೂ ಇರುವುದಿಲ್ಲ, ಬಂದ ಕೂಡಲೇ ಸ್ಕ್ಯಾನ್. ಕರಿಯದರಲ್ಲಿ ಲೆಕ್ಕ ಮತ್ತು ಮುತ್ಯಾನ ಫೋಟೋ ಇವೆ, ಅದು ಅವ್ವನ ಟ್ರಂಕಿನಿಂದ ಹೊರಗೆ ಬರುವುದಿಲ್ಲ. ಕಾಗದದ ಪುಸ್ತಕವನ್ನು ಬರೆಯುವ ಕೆಲಸ ನನಗೆ ಬಿತ್ತು. ಆರು ತಿಂಗಳದು ಮುಗಿದಿದೆ, ಇನ್ನೆರಡು ಬಾಕಿ.

ಏಳನೆಯ ವರ್ಗ