ರಾಶಿ ಎಂದರೆ ಯಾವ ರಾಶಿ?

ಶಿವಮೊಗ್ಗ, ಭದ್ರಾವತಿ ಕಡೆಯ ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವವರಿದ್ದಾರೆ. ಅವರು ಬಳಸುವ ಜಾವಾ ಲೈಬ್ರರಿ ಬರೆಯುವುದು ನನ್ನ ಕಸುಬು. ಲೈಬ್ರರಿಯ ಒಳಗೆ ಇಣುಕುವವರು ಕಡಿಮೆ. ಎಡಿಟರಿನಲ್ಲಿ ನಾಲ್ಕಕ್ಷರ ಒತ್ತಿ, ಇಳಿದು ಬರುವ ಹೆಸರುಗಳಲ್ಲಿ ‘ಇದೇ ಇರಬೇಕು’ ಅನಿಸಿದ್ದನ್ನು ಆರಿಸಿಕೊಂಡು ಮುಂದೆ ಹೋಗುತ್ತಾರೆ. ಹೆಸರು ನೋಡಿ ಅವರು ಏನು ಊಹಿಸುತ್ತಾರೋ ಕ್ಲಾಸ್ ಅದನ್ನೇ ಮಾಡಬೇಕು.

1. ಮಂಡಿಯವರ ಮಾತನ್ನೇ ತೆಗೆದುಕೊಳ್ಳಿ, ಆದರೆ ಒಂಟಿಯಾಗಿ ಬಿಡಬೇಡಿ.

ನಮ್ಮ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಗೆ ಬೇರೆ ಬೇರೆ ಧಾರಣೆ. ಇವನ್ನು ‘ಗ್ರೇಡ್‌ಎ’, ‘ಗ್ರೇಡ್‌ಬಿ’ ಮಾಡಿದರೆ ಮಂಡಿಯ ಗುಮಾಸ್ತರು ಕೇಳಿದಾಗಲೆಲ್ಲ ಪ್ರೋಗ್ರಾಮರ್ ಪಟ್ಟಿ ಹುಡುಕಬೇಕು. ಹಾಗಂತ ‘ರಾಶಿ’ ಎಂದೇ ಕ್ಲಾಸ್ ಇಟ್ಟರೆ ಅದು ಅಡಿಕೆಯ ದರ್ಜೆಯೋ, ನೆಲಕ್ಕೆ ಸುರಿದ ಗುಡ್ಡೆಯೋ? ‘ಸರಕು’ ಇನ್ನೂ ಕಿಲಾಡಿ. ಮಾರುಕಟ್ಟೆಗೆ ಬಂದದ್ದೆಲ್ಲ ಸರಕೇ, ಅದರೊಳಗೆ ಒಂದು ದರ್ಜೆಯ ಹೆಸರೂ ಸರಕು. ಬೇರೆ ಊರಿನ ಪ್ರೋಗ್ರಾಮರ್ ಅದನ್ನು ನೋಡಿ ಗೊಬ್ಬರದ ಚೀಲವನ್ನೂ ಅದಕ್ಕೇ ತುಂಬುತ್ತಾನೆ, ತಪ್ಪು ಅವನದಲ್ಲ. ಹಾಗಾಗಿ ‘ಅಡಿಕೆದರ್ಜೆ’ ಎಂಬ ಒಂದು ಇನಮ್, ನಾಲ್ಕೂ ಅದರೊಳಗೆ. ಗುಡ್ಡೆಗೆ ‘ಲಾಟ್’.

2. ಹೆಸರು ಒಂದು, ಒಳಗೆ ಇನ್ನೊಂದು ಇರಬಾರದು.

ಇದಕ್ಕೆ ಜಾವಾದ ‘ಡೇಟ್’ ಕ್ಲಾಸಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1996ರ ಮೊದಲ ಆವೃತ್ತಿಯಿಂದಲೂ ಅದರ ಹೆಸರು ದಿನಾಂಕ. ಒಳಗಿರುವುದು 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡುಗಳು, ಅಂದರೆ ಒಂದು ಕ್ಷಣ. ವರ್ಷ ಕೇಳಿದರೆ 1900 ಕಳೆದು ಹೇಳುತ್ತದೆ. ಸಾಲದ್ದಕ್ಕೆ ಡೇಟಾಬೇಸ್ ಪ್ಯಾಕೇಜಿನಲ್ಲಿ ಅದೇ ಹೆಸರಿನ ಇನ್ನೊಂದು ಕ್ಲಾಸ್! ಧಾರಣೆ ಇಡೀ ದಿನಕ್ಕೆ ಸೇರಿದ್ದು, ತೂಕ ಆದದ್ದು ಒಂದು ಹೊತ್ತಿನಲ್ಲಿ. ಎರಡನ್ನೂ ‘ಡೇಟ್’ನಲ್ಲಿ ಇಟ್ಟು, ಸರ್ವರ್ ಗಡಿಯಾರ ಗ್ರೀನಿಚ್ ಸಮಯದಲ್ಲಿದ್ದರೆ, ನಮ್ಮ ನಡುರಾತ್ರಿ ಹನ್ನೆರಡು ಗಂಟೆ ಅಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ಸೋಮವಾರದ ಧಾರಣೆ ಭಾನುವಾರದ್ದಾಗಿ ಅಚ್ಚಾಗುತ್ತದೆ. ಭಾನುವಾರ ಟೆಂಡರೇ ಇರುವುದಿಲ್ಲ ಎಂದು ರೈತರು ಜಗಳಕ್ಕೆ ಬರುತ್ತಾರೆ. 2014ರ ಜಾವಾ 8ರಲ್ಲಿ ಕ್ಷಣಕ್ಕೆ ‘ಇನ್‌ಸ್ಟಂಟ್’, ಬರೀ ದಿನಕ್ಕೆ ‘ಲೋಕಲ್‌ಡೇಟ್’ ಎಂದು ಬೇರೆ ಮಾಡಿದರು. ಆ ಎರಡು ಹೆಸರುಗಳು ಉಳಿಸಿದಷ್ಟು ತಲೆನೋವನ್ನು ಯಾವ ಕೈಪಿಡಿಯೂ ಉಳಿಸಿಲ್ಲ.

3. ಅಳತೆ ಹೆಸರಿನಲ್ಲೇ ಇರಲಿ.

ಧಾರಣೆ ಕ್ವಿಂಟಲಿಗೆ, ತಕ್ಕಡಿ ತೋರಿಸುವುದು ಕಿಲೋ. ‘ಧಾರಣೆ’ಗಿಂತ ‘ಕ್ವಿಂಟಲ್‌ಧಾರಣೆ’ ಲೇಸು. ಇಲ್ಲಿ ತಪ್ಪಿದರೆ ನೂರು ಪಟ್ಟು ತಪ್ಪುತ್ತದೆ.

4. ‘ಮ್ಯಾನೇಜರ್’ ಎಂದು ಬರೆಯಲು ಕೈ ಹೋದರೆ ನಿಲ್ಲಿಸಿ.

ತೂಕ, ಕಮಿಷನ್, ರೈತರ ಮುಂಗಡ ಎಲ್ಲ ಒಂದೇ ಕಡೆ ತುರುಕಿದಾಗ ‘ಮಂಡಿಮ್ಯಾನೇಜರ್’ ಹುಟ್ಟುತ್ತದೆ. ಹೆಸರು ಹುಡುಕುತ್ತಾ ಕೂರುವುದಕ್ಕಿಂತ ಕ್ಲಾಸನ್ನೇ ಒಡೆಯಿರಿ. ‘ತೂಕದಚೀಟಿ’, ‘ಮುಂಗಡಖಾತೆ’ ತಾವಾಗಿ ಸಿಗುತ್ತವೆ.

5. ಸ್ಪೆಲಿಂಗ್ ಮೊದಲ ಆವೃತ್ತಿಗೆ ಮುಂಚೆಯೇ ಇತ್ಯರ್ಥವಾಗಲಿ.

ಜಾವಾ ಕನ್ನಡ ಲಿಪಿಯ ಹೆಸರನ್ನೂ ಒಪ್ಪುತ್ತದೆ. ಆದರೂ ಎಲ್ಲರ ಕೀಲಿಮಣೆ ಒಂದೇ ಅಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತೇವೆ. ಆಗ ಭದ್ರಾವತಿಯ ಕೊನೆಯ ‘ತಿ’ಗೆ ಎಚ್ ಬೇಕೋ ಬೇಡವೋ? ಬೋರ್ಡುಗಳಲ್ಲಿ ಎರಡೂ ಇವೆ, ಕೋಡಿನಲ್ಲಿ ಒಂದೇ ಇರಬೇಕು. ಎಚ್‌ಟಿಟಿಪಿಯ ‘ರೆಫರರ್’ ಹೆಡರ್ ನೋಡಿ: ಒಂದು ಆರ್ ಬಿಟ್ಟುಹೋದ ಸ್ಪೆಲಿಂಗ್ 1996ರ ದಾಖಲೆಗೆ ಸೇರಿತು. ಇವತ್ತಿಗೂ ಬ್ರೌಸರ್‌ಗಳು ಅದನ್ನೇ ಕಳಿಸುತ್ತಿವೆ.

6. ಬದಲಾಗುವ ಹೆಸರನ್ನು ಕ್ಲಾಸಿಗೆ ಅಂಟಿಸಬೇಡಿ.

ಭದ್ರಾವತಿಯ ಉಕ್ಕಿನ ಕಾರ್ಖಾನೆ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯಾಗಿ ಶುರುವಾಯಿತು. ಆಮೇಲೆ ಹೆಸರಿಗೆ ಉಕ್ಕು ಸೇರಿತು, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಬಂತು, 1998ರಲ್ಲಿ ಸೈಲ್‌ನೊಳಗೆ ವಿಲೀನವಾಯಿತು. ವಿಲೀನವಾದ ಮೇಲೆ ಹೆಸರಿನ ಕೊನೆಯ ‘ಎಲ್’ಗೆ, ಅಂದರೆ ‘ಲಿಮಿಟೆಡ್’ಗೆ, ಅರ್ಥ ಉಳಿದಿಲ್ಲ, ಊರಿನ ಬಾಯಲ್ಲಿ ಮಾತ್ರ ಇನ್ನೂ ವಿಐಎಸ್‌ಎಲ್. ಕಾರ್ಖಾನೆಯ ಲೆಕ್ಕಕ್ಕೆ ಕ್ಲಾಸ್ ಬೇಕೆಂದರೆ ನಾನು ‘ಉಕ್ಕುಘಟಕ’ ಎಂದಿಟ್ಟು, ಸಂಸ್ಥೆಯ ಹೆಸರನ್ನು ಡೇಟಾ ಆಗಿ ಒಳಗಿಡುತ್ತೇನೆ.

ಶಿಮೊಗ್ಗ 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಶಿವಮೊಗ್ಗ ಆಯಿತು. ವಾಹನಗಳ ‘ಕೆಎ 14’ ಅಲುಗಾಡಲಿಲ್ಲ. ಅದರಲ್ಲಿ ಊರಿನ ಹೆಸರೇ ಇರಲಿಲ್ಲವಲ್ಲ.

7. ಬದಲಿಸಲೇಬೇಕಾದರೆ ಹಳೆಯದನ್ನು ತಕ್ಷಣ ಕೀಳಬೇಡಿ.

ಜಾವಾ 7 ತನ್ನದೇ ‘ಆಬ್ಜೆಕ್ಟ್ಸ್’ ಕ್ಲಾಸ್ ತಂದಾಗ ಗೂಗಲ್‌ನ ಗ್ವಾವಾ ಲೈಬ್ರರಿಯಲ್ಲಿ ಅದೇ ಹೆಸರಿನದು ಮೊದಲೇ ಇತ್ತು. ಗ್ವಾವಾದವರು ‘ಮೋರ್‌ಆಬ್ಜೆಕ್ಟ್ಸ್’ ಎಂಬ ಹೊಸದನ್ನು ಮಾಡಿ, ಅಲ್ಲಿಗೆ ಸಾಗಿಸಿದ ಮೆಥಡ್‌ಗಳ ಹಳೆಯ ಪ್ರತಿಗೆ ‘ಇದನ್ನು ಬಿಡಿ’ ಎಂಬ ಗುರುತು ಹಾಕಿ, ಕೆಲಕಾಲ ಎರಡನ್ನೂ ನಡೆಸಿದರು. ನಾವು ಹಳೆಯ ಹೆಸರನ್ನು ಎರಡು ದೊಡ್ಡ ಆವೃತ್ತಿಗಳವರೆಗೆ ಉಳಿಸಿ, ಹೊಸದು ಯಾವುದೆಂದು ಎಚ್ಚರಿಕೆಯ ಸಾಲಿನಲ್ಲೇ ಬರೆಯುತ್ತೇವೆ. ತೆಗೆಯುವ ಕೆಲಸವನ್ನು ಅಡಿಕೆ ಸುಗ್ಗಿಯ ತಿಂಗಳುಗಳಲ್ಲಿ ಮಾಡುವುದಿಲ್ಲ.