ಬಾಲ್ಯದ ನೋವು, ಬಾಳಿನ ವಿಷಾದ

ಅಂಕೋಲಾ ತಾಲೂಕಿನ ಅಗಸೂರಿನ ಕಡೆಯಿಂದ ಹಲವು ವರ್ಷಗಳ ಹಿಂದೆ ಗೃಹಿಣಿಯೊಬ್ಬರು ನನ್ನಲ್ಲಿ ಚಿಕಿತ್ಸೆಗೆ ಬಂದಿದ್ದರು. ನಿದ್ರೆಯಿಲ್ಲ, ಹಸಿವಿಲ್ಲ, ಯಾವುದರಲ್ಲಿಯೂ ಆಸಕ್ತಿಯಿಲ್ಲ. ಬ್ರಾಹ್ಮೀಘೃತ, ಅಶ್ವಗಂಧ, ಶಿರೋಧಾರೆಗಳಿಂದ ನಿದ್ರೆ ತುಸು ಸುಧಾರಿಸಿತಾದರೂ ಮನದ ಭಾರ ಇಳಿಯಲಿಲ್ಲ. ಎರಡು ವರ್ಷಗಳ ತರುವಾಯ ಒಂದು ದಿನ ಅವರ ಬಾಲ್ಯದ ಕುರಿತು ವಿಚಾರಿಸಿದೆ. ಏಳನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡು, ಬಂಧುಗಳ ಮನೆಯಲ್ಲಿ ಏಟು ತಿಂದು ಬೆಳೆದುದನ್ನು ಅವರು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದರು. ಮೊದಲ ದಿನವೇ ನಾನು ಅದನ್ನು ಕೇಳಬೇಕಾಗಿತ್ತು.

ಎರಡು ವರ್ಷಗಳಿಗೂ ಮಿಕ್ಕಿ ಉಳಿಯುವ ಖಿನ್ನತೆಯನ್ನು ದೀರ್ಘಕಾಲೀನ ಖಿನ್ನತೆ ಎನ್ನುತ್ತಾರೆ. ಬಾಲ್ಯದಲ್ಲಿ ಹೊಡೆತ, ನಿಂದೆ, ಲೈಂಗಿಕ ದೌರ್ಜನ್ಯ, ಮನೆಯವರ ಕುಡಿತ ಮೊದಲಾದ ನಾಲ್ಕು ಅಥವಾ ಹೆಚ್ಚು ಬಗೆಯ ಸಂಕಟಗಳನ್ನು ಉಂಡವರಲ್ಲಿ ಖಿನ್ನತೆಯು ಹಲವು ಪಟ್ಟು ಹೆಚ್ಚೆಂದು 1998ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಎಳೆಯ ದೇಹವು ಸದಾ ಭಯದಲ್ಲಿದ್ದರೆ, ಒತ್ತಡಕ್ಕೆ ಸ್ಪಂದಿಸುವ ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳ ವ್ಯವಸ್ಥೆ ಏರುಪೇರಾಗುತ್ತದೆ. ಭಯದ ಕಾರಣ ಹೋದರೂ ಅದು ಸುಲಭವಾಗಿ ಸಮಸ್ಥಿತಿಗೆ ಬಾರದು.

ಚಿಕಿತ್ಸೆಯಲ್ಲಿಯೂ ಈ ಭೇದ ಮುಖ್ಯ. ದೀರ್ಘಕಾಲೀನ ಖಿನ್ನತೆಯಿದ್ದ 681 ಜನರ ಕುರಿತು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಾಲ್ಯದಲ್ಲಿ ಆಘಾತಕ್ಕೊಳಗಾದವರಿಗೆ ಔಷಧವೊಂದಕ್ಕಿಂತ ಮಾತಿನ ಮೂಲಕ ನಡೆಯುವ ಮನೋಚಿಕಿತ್ಸೆಯೇ ಹೆಚ್ಚು ಫಲ ನೀಡಿತು.

ನಮ್ಮ ಶಾಸ್ತ್ರಕ್ಕೆ ಇದು ಹೊಸದಲ್ಲ. ರೋಗವನ್ನು ವೃದ್ಧಿಸುವವುಗಳಲ್ಲಿ ವಿಷಾದವೇ ಅಗ್ರವೆಂದು ಚರಕಸಂಹಿತೆ ಎಣಿಸಿದೆ. ಅದು ಹೇಳುವ ಮೂರು ಬಗೆಯ ಚಿಕಿತ್ಸೆಗಳಲ್ಲಿ, ಮನಸ್ಸನ್ನು ಅಹಿತ ವಿಷಯಗಳಿಂದ ಹಿಂತೆಗೆಯುವ ಸತ್ತ್ವಾವಜಯವೂ ಒಂದು. ಔಷಧ ಬರೆಯುವ ಆತುರದಲ್ಲಿ ನಾವು ಇದನ್ನು ಮರೆಯುತ್ತೇವೆ.

ಆ ಗೃಹಿಣಿಯನ್ನು ಮನೋವೈದ್ಯರಲ್ಲಿಗೆ ಕಳುಹಿಸಿದೆ. ಮಾತ್ರೆಯೊಡನೆ ಆಪ್ತಸಮಾಲೋಚನೆಯೂ ಸಾಗಿತು. ವರ್ಷದೊಳಗೆ ಅವರು ನೆರೆಹೊರೆಯ ಮದುವೆ-ಮುಂಜಿಗಳಿಗೆ ಹೋಗತೊಡಗಿದರು.

ಭಕ್ತ ಬಾಂಧವರಲ್ಲಿ ನನ್ನ ವಿನಂತಿ: ಇಂಥವರಿಗೆ “ಹಳೆಯದನ್ನು ಮರೆತುಬಿಡು” ಎನ್ನಬೇಡಿ, ತಾಳ್ಮೆಯಿಂದ ಕೇಳಿ. ಒತ್ತಾಯಿಸಿ ಕೆದಕಲೂ ಬೇಡಿ. ವೈದ್ಯರು ಕೊಟ್ಟ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ಆಯುರ್ವೇದ ಔಷಧ ಸೇವಿಸುತ್ತಿದ್ದರೆ ಅದನ್ನೂ ಅವರಿಗೆ ತಿಳಿಸಬೇಕು. ಸಾಯುವ ಮಾತು ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ-ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು.

ಬಾಲ್ಯದಲ್ಲಿ ನೊಂದವರೆಲ್ಲರೂ ಖಿನ್ನರಾಗುವುದಿಲ್ಲ. ಅಕ್ಕರೆಯಿಂದ ಕಾಣುವ ಒಬ್ಬ ಹಿರಿಯರಿದ್ದರೂ ಮಗುವಿಗೆ ಅದು ದೊಡ್ಡ ರಕ್ಷೆ. ತಬ್ಬಲಿ ಮಗುವೊಂದು ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇದ್ದರೆ, ಆ ಹಿರಿಯರು ನೀವೇ ಆಗಿರಿ.