ಯಜಮಾನನುಳ್ಳ ಮನೆ

ದೇವರನ್ನು ಜೀವನದ ಕೇಂದ್ರದಲ್ಲಿ ಇರಿಸಿಕೊಳ್ಳಬೇಕೆಂಬ ಉಪದೇಶವನ್ನು ಕ್ರೈಸ್ತರ ಮನೆಯಲ್ಲಿ ಹುಟ್ಟಿದವನು ಬಾಲ್ಯದಿಂದಲೂ ವಾರವಾರ ಕೇಳುತ್ತಾನೆ. ಆದರೆ ಆ ದೇವರು ನಮ್ಮನ್ನು ಯಾವ ಹೊತ್ತಿನಲ್ಲಿ ತಡೆದು ನಿಲ್ಲಿಸುತ್ತಾನೆ, ಯಾವ ಹೊತ್ತಿನಲ್ಲಿ ಕೈಹಿಡಿದು ನಡೆಸುತ್ತಾನೆ ಎಂಬುದು ಉಪದೇಶದಿಂದ ತಿಳಿಯತಕ್ಕ ಸಂಗತಿಯಲ್ಲ. ನನಗೆ ಅದನ್ನು ತಿಳಿಸಿದುದು ರಾತ್ರಿಯೂಟಕ್ಕೆ ಮುಂಚೆ ನಡೆಯುವ ಕುಟುಂಬ ಪ್ರಾರ್ಥನೆ. ಸತ್ಯವೇದದ ಒಂದು ಅಧ್ಯಾಯ, ಒಂದು ಗೀತ, ಕರ್ತನು ಕಲಿಸಿದ ಪ್ರಾರ್ಥನೆ, ಇಷ್ಟೇ ಅದರ ಕ್ರಮ. ಮನೆಯ ಮಾತು ತುಳುವಾದರೂ ಆ ಅಲ್ಪಕಾಲವು ಮಾತ್ರ ಕನ್ನಡಕ್ಕೆ ಮೀಸಲಾಗಿತ್ತು.

ನನ್ನ ಅಜ್ಜನವರು ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಹೆಂಚಿನ ಕಾರ್ಖಾನೆಯ ಕೆಲಸಗಾರರು. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನ್ನು, ಕ್ರೈಸ್ತರಾದ ಕಾರಣದಿಂದ ಬಂಧುವರ್ಗವನ್ನೂ ಕುಲವೃತ್ತಿಯನ್ನೂ ಕಳೆದುಕೊಂಡವರಿಗೆ ಜೀವನೋಪಾಯವನ್ನು ಕಲ್ಪಿಸುವ ಉದ್ದೇಶದಿಂದ ನೇಯ್ಗೆಯನ್ನೂ, 1865ರಲ್ಲಿ ಹೆಂಚಿನ ಉದ್ಯಮವನ್ನೂ ಆರಂಭಿಸಿದ್ದುದರಿಂದ, ಅಜ್ಜನ ತಲೆಮಾರಿನವರಿಗೆ ಕೂಲಿಯೂ ಶಾಲೆಯೂ ದೇವರ ವಾಕ್ಯವೂ ಒಂದೇ ಕೈಯಿಂದ ದೊರೆಯುತ್ತಿದ್ದವು. 1914ರಲ್ಲಿ ಮಹಾಯುದ್ಧವು ಆರಂಭವಾದ ತರುವಾಯ ಜರ್ಮನ್ ಮಿಶನರಿಗಳು ಸೆರೆಯಾದರು. ಕಾರ್ಖಾನೆಗಳು ಸರ್ಕಾರದ ವಶವಾಗಿ, ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಮಿಶನ್ನೇ ಹೋದ ಮೇಲೆ ಇನ್ನು ನಿಮ್ಮ ದೇವರೆಲ್ಲಿ ಎಂದು ನೆರೆಯವರು ಕೇಳಿದರಂತೆ. ಅಜ್ಜನವರು ವಾದಕ್ಕಿಳಿಯದೆ ಎಂದಿನ ಹೊತ್ತಿಗೆ ಮನೆಯವರನ್ನೆಲ್ಲ ಪ್ರಾರ್ಥನೆಗೆ ಕೂಡಿಸಿದರೆಂದು ತಂದೆಯವರು ಹೇಳುತ್ತಿದ್ದರು. ಅನ್ನ ಕೊಡುತ್ತಿದ್ದ ಕೈಗಳು ಬದಲಾದರೂ ಪ್ರಾರ್ಥನೆಯು ಬದಲಾಗದಿದ್ದುದನ್ನು ನಾನು ನಮ್ಮ ಮನೆತನದ ಅತ್ಯಂತ ದೊಡ್ಡ ಆಸ್ತಿಯೆಂದು ಎಣಿಸುತ್ತೇನೆ.

ಇತರ ಆಸ್ತಿಯ ವಿಷಯದಲ್ಲಿಯಾದರೋ, ತಂದೆಯವರ ಕಾಲಾನಂತರ ನನಗೂ ನನ್ನ ತಮ್ಮನಿಗೂ ವ್ಯಾಜ್ಯ ಹುಟ್ಟಿತು. ಹಿತ್ತಿಲನ್ನು ಪಾಲು ಮಾಡುವಾಗ ಬಾವಿಯಿರುವ ಭಾಗವು ಯಾರಿಗೆ ಸೇರತಕ್ಕದ್ದೆಂಬುದೇ ಮುಖ್ಯ ಪ್ರಶ್ನೆ. ಕಾಗದಪತ್ರಗಳು ನನ್ನ ಪಕ್ಷದಲ್ಲಿದ್ದವು. ದಾವೆ ಹೂಡಿದರೆ ಗೆಲುವು ನಿಶ್ಚಯವೆಂದು ವಕೀಲರು ಹೇಳಿದ್ದರು. ನ್ಯಾಯವು ನನ್ನ ಕಡೆಯಲ್ಲಿಯೇ ಇತ್ತೆಂದು ಇಂದಿಗೂ ನನ್ನ ಅಭಿಪ್ರಾಯ. ಆದರೆ ಪ್ರತಿ ಸಂಜೆಯೂ, ಮಕ್ಕಳು ಕೇಳುತ್ತಿರುವಂತೆಯೇ, ನಮಗೆ ತಪ್ಪು ಮಾಡಿದವರನ್ನು ಕ್ಷಮಿಸಿದ್ದೇವೆಂದು ದೇವರ ಮುಂದೆ ಹೇಳಿ, ಅದರಂತೆ ನಮ್ಮನ್ನೂ ಕ್ಷಮಿಸೆಂದು ಬೇಡಬೇಕಾಗಿತ್ತು. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯು ಈ ಪ್ರಾರ್ಥನೆಯನ್ನು ಕಲಿಸಿ ಮುಗಿಸಿದೊಡನೆ, ಅದರ ಬೇಡಿಕೆಗಳ ಪೈಕಿ ಮತ್ತೊಮ್ಮೆ ಎತ್ತಿಕೊಂಡು ವಿವರಿಸುವುದು ಇದೊಂದನ್ನೇ. ಅನ್ನದ ಬೇಡಿಕೆಗೆ ಅಲ್ಲಿ ವ್ಯಾಖ್ಯಾನವಿಲ್ಲ, ಕ್ಷಮೆಯ ಬೇಡಿಕೆಗೆ ಇದೆ. ವಕೀಲರ ಸಲಹೆಯೂ ಸುವಾರ್ತೆಯ ಆ ಎರಡು ವಚನಗಳೂ ನನ್ನೊಳಗೆ ಎದುರುಬದುರಾಗಿ ನಿಂತವು.

ಅದರ ಮೇಲೆ ಕರ್ತನ ಭೋಜನದ ಭಾನುವಾರವು ಸಮೀಪಿಸುತ್ತಿತ್ತು. ನಾವು ಸೇರಿರುವ ದಕ್ಷಿಣ ಭಾರತ ಸಭೆಯು 1947ರಲ್ಲಿ ಸ್ಥಾಪಿತವಾಗಿ, 1950ರಲ್ಲಿ ತನ್ನದೇ ಆದ ಆರಾಧನಾಕ್ರಮವನ್ನು ರೂಪಿಸಿಕೊಂಡಾಗ, ಪ್ರಾಚೀನ ಸಭೆಯಲ್ಲಿದ್ದ ಸಮಾಧಾನದ ವಿನಿಮಯವನ್ನು ಸಭಿಕರಿಗೆಲ್ಲ ಮರಳಿ ತಂದುಕೊಟ್ಟಿತು. ಸಭಾಪಾಲಕರಿಂದ ಹೊರಟ ಆ ಸಮಾಧಾನವು ಕೈಯಿಂದ ಕೈಗೆ, ಬೆಂಚಿನಿಂದ ಬೆಂಚಿಗೆ ಸಾಗಿ ಕಟ್ಟಕಡೆಯ ಸಾಲನ್ನು ಮುಟ್ಟುತ್ತದೆ. ನಮ್ಮ ಕುಟುಂಬದವರು ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳುವುದು ಹಿಂದಿನಿಂದ ಬಂದ ರೂಢಿಯಾದುದರಿಂದ, ಸಮಾಧಾನವು ತಮ್ಮನಿಗೆ ತಲುಪಬೇಕಾದರೆ ನನ್ನ ಕೈಯಿಂದಲೇ ತಲುಪಬೇಕಾಗಿತ್ತು. ಹಿಂದಿನ ದಿನ ಸಂಜೆ ಅವನ ಮನೆಗೆ ಹೋದೆನು. ಬಹಳ ಮಾತೇನೂ ನಡೆಯಲಿಲ್ಲ. “ಅಣ್ಣಾ, ನೀರು ಸೇದಲು ದಾರಿ ಬಿಟ್ಟರೆ ಸಾಕು, ಬಾವಿ ಯಾರ ಹೆಸರಿನಲ್ಲಿದ್ದರೇನು” ಎಂದು ಅವನು ಹೇಳಿದನು. ಅವನಿಗೆ ಬೇಕಾದುದು ಅಷ್ಟೇ ಎಂಬುದು ವಕೀಲರ ಮೂಲಕ ನಡೆದ ಪತ್ರವ್ಯವಹಾರದಲ್ಲಿ ಎಲ್ಲಿಯೂ ಕಾಣಿಸಿರಲಿಲ್ಲ. ಪಾಲುಪಟ್ಟಿಯಲ್ಲಿ ಬಾವಿಯನ್ನು ಇಬ್ಬರಿಗೂ ಸಮಾನವೆಂದು ಬರೆಸಿದೆವು. ಕ್ರೈಸ್ತನಾದವನು ತನ್ನ ಹಕ್ಕನ್ನೆಲ್ಲ ತ್ಯಜಿಸಬೇಕೆಂದು ನಾನು ಹೇಳುವವನಲ್ಲ. ಬಡವರ ಪಾಲಿಗೆ ನ್ಯಾಯಾಲಯವು ದೇವರು ಅನುಗ್ರಹಿಸಿದ ಆಶ್ರಯವೇ ಆಗಿರುವ ಸಂದರ್ಭಗಳುಂಟು. ಆದರೆ ನಮ್ಮ ವ್ಯಾಜ್ಯವು ಮುಗಿದುದು ನಮ್ಮಿಬ್ಬರ ಸೌಜನ್ಯದಿಂದಲ್ಲ, ನಮ್ಮಿಬ್ಬರ ಮೇಲೆಯೂ ಒಬ್ಬ ಯಜಮಾನನಿದ್ದನೆಂಬ ಕಾರಣದಿಂದ.

ಹಣದ ವಿಷಯವನ್ನು ವಿಸ್ತರಿಸಲಾರೆ. ಸಂಬಳ ಬಂದ ದಿನವೇ ದಶಮಾಂಶವನ್ನು ತೆಗೆದಿರಿಸಿದರೆ ಉಳಿದುದರ ಲೆಕ್ಕವು ತಾನಾಗಿಯೇ ಸರಿಹೋಗುತ್ತದೆಂಬುದು ತಾಯಿಯವರಿಂದ ಬಂದ ಪಾಠ, ಅದು ಸುಳ್ಳಾಗಲಿಲ್ಲ.

ನನ್ನ ಪತ್ನಿಯ ಕಾಯಿಲೆಯ ಕಾಲವು ಬೇರೆಯೇ ಬಗೆಯ ಪಾಠಶಾಲೆ. ಸ್ವಸ್ಥತೆಯನ್ನು ಬೇಡಿದೆವು, ದೊರೆಯಲಿಲ್ಲ. ಆ ದಿನಗಳಲ್ಲಿ ಕೀರ್ತನೆಗಳನ್ನು ಅನುಕ್ರಮವಾಗಿ ಓದುತ್ತಿದ್ದೆವು. 88ನೆಯದು ಬಂದ ಸಂಜೆ, ಆದಿಯಿಂದ ಅಂತ್ಯದವರೆಗೆ ಮೊರೆಯೇ ಆಗಿ, ಇತರ ಬಹುತೇಕ ಶೋಕಗೀತಗಳಂತೆ ಕೊನೆಯಲ್ಲಿ ಸ್ತುತಿಗೆ ತಿರುಗದೆ ಕತ್ತಲೆಯಲ್ಲಿಯೇ ಮುಗಿದುಹೋಗುವ ಆ ಕೀರ್ತನೆಯನ್ನು ಬಿಟ್ಟು ಮುಂದಿನದನ್ನು ಓದೋಣವೆಂದು ನಾನು ಸೂಚಿಸಿದೆನು. ಅವಳು ಒಪ್ಪಲಿಲ್ಲ. “ಅದನ್ನೇ ಓದಿರಿ. ಹೀಗೆ ಮಾತಾಡಿದವನನ್ನೂ ದೇವರು ತನ್ನ ಪುಸ್ತಕದಿಂದ ಹೊರಗೆ ಹಾಕಲಿಲ್ಲವಲ್ಲ” ಎಂದಳು. ದೇವರನ್ನು ಆರೋಗ್ಯಕ್ಕೆ ಸಾಧನವೆಂದು ಮಾತ್ರ ನಾವು ಬಗೆದಿದ್ದರೆ ಅಂದಿಗೇ ನಮ್ಮ ಪ್ರಾರ್ಥನೆಯು ನಿಂತುಹೋಗಬೇಕಾಗಿತ್ತು. ಅವಳಾದರೋ ದೂರನ್ನೂ ದೇವರಿಗೇ ಹೇಳಬೇಕೆಂದು ಬಲ್ಲವಳಾಗಿದ್ದಳು. ಅವಳನ್ನು ಮಣ್ಣುಮಾಡಿ ಬಂದ ಸಂಜೆಯೂ ಪ್ರಾರ್ಥನೆ ನಡೆಯಿತು. ನನಗೆ ಓದಲು ಸ್ವರವೇಳದಿದ್ದುದರಿಂದ ತಮ್ಮನು ಓದಿದನು.

ಬೆಂಗಳೂರಿನಲ್ಲಿರುವ ಮಗಳು ಕಳೆದ ಸಲ ಬಂದಿದ್ದಾಗ, “ಅಪ್ಪಾ, ಇವರಿಗೆ ರಾತ್ರಿಯ ಪಾಳಿ, ನನಗೆ ಬೆಳಗಿನ ಕೆಲಸ, ಎಲ್ಲರೂ ಒಟ್ಟಿಗೆ ಕೂಡುವ ಸಂಜೆಯೆಂಬುದೇ ನಮ್ಮಲ್ಲಿಲ್ಲ” ಎಂದು ಹೇಳಿಕೊಂಡಳು. ಸಂಜೆಯ ಹೊತ್ತಿಗೆ ಪ್ರತ್ಯೇಕವಾದ ಪಾವಿತ್ರ್ಯವೇನೂ ಇಲ್ಲವೆಂದೂ, ಅಳಿಯನು ಕೆಲಸದಿಂದ ಮರಳುವುದಕ್ಕೂ ಅವಳು ಹೊರಡುವುದಕ್ಕೂ ನಡುವೆ ಸಿಕ್ಕುವ ಸ್ವಲ್ಪ ಹೊತ್ತನ್ನೇ ಗೊತ್ತುಮಾಡಿಕೊಳ್ಳಬೇಕೆಂದೂ ನಾನು ಹೇಳಿದೆನು. ಈಗ ಹಾಗೆಯೇ ನಡೆಸುತ್ತಿದ್ದಾರೆ. ಮಗು ಅರೆನಿದ್ರೆಯಲ್ಲಿ ಬಂದು ಕುಳಿತುಕೊಳ್ಳುತ್ತದಂತೆ, ಅಧ್ಯಾಯದ ಬದಲು ನಾಲ್ಕೈದು ವಚನಗಳನ್ನು ಮಾತ್ರ ಓದುತ್ತಾರಂತೆ. ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಎಷ್ಟೇ ಅವಸರವಿದ್ದರೂ ಕರ್ತನ ಪ್ರಾರ್ಥನೆಯಲ್ಲಿ ಕ್ಷಮೆಯ ಮಾತನ್ನು ಮಾತ್ರ ನುಂಗಿಕೊಂಡು ಓಡಬಾರದೆಂದು ಹೇಳಿ ಕಳುಹಿಸಿದ್ದೇನೆ.